ಕಡವೆ ಕೆಂಚವ್ವ ಮತ್ತು ನೆಲ್ಲಿಕಾಯಿಯ ಗಂಟುಗಳು

ಕಲ್ಲುಗುಡ್ಡಗಳ ನಡುವೆ ಒಂದು ಕುರುಚಲು ಕಾಡಿತ್ತು. ಆ ಕಾಡಿನ ತಗ್ಗಿನಲ್ಲಿ ಒಂದು ಮಡು. ಬೇಸಿಗೆ ಬಂದರೆ ಹಳ್ಳ ಬತ್ತುತ್ತಿತ್ತು, ಹುಲ್ಲು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಆದರೆ ಮಡುವಿನ ನೀರು ಮಾತ್ರ ಆರುತ್ತಿರಲಿಲ್ಲ. ಬೇರೆ ನೀರು ಬೇಕೆಂದರೆ ಬೋಳುಗುಡ್ಡಗಳನ್ನು ಹತ್ತಿ ಇಳಿದು ಬಹುದೂರ ಹೋಗಬೇಕು. ಆದ್ದರಿಂದ ಮಕ್ಕಳೇ, ಆ ಕಾಡಿನವರಿಗೆ ಮಡು ಎಂದರೆ ಪ್ರಾಣ.

ಹಿಂದಿನ ಬೇಸಿಗೆಯಲ್ಲಿ ತಿನ್ನಲು ಸಿಗದೆ ಎಲ್ಲರೂ ಸೊರಗಿದ್ದರು. ಹಾಗಾಗಿ ಕಾಡಿನ ಹಿರಿಯಳಾದ ಆನೆ ಅಜ್ಜಿ ಈ ಸಲ ಒಂದು ಏರ್ಪಾಡು ಮಾಡಿದಳು. ಚಳಿಗಾಲದಲ್ಲಿ ಗುಡ್ಡದ ತುಂಬ ನೆಲ್ಲಿಕಾಯಿ ಬಿಡುತ್ತದೆ. ಪ್ರತಿ ಮನೆಯವರೂ ತಮ್ಮ ಪಾಲಿನ ಕಾಯಿ ತಂದು ಮಡುವಿನ ಪಕ್ಕದ ಗವಿಯಲ್ಲಿ ಇಡಬೇಕು. ಬಿಸಿಲು ಬಲಿತ ಮೇಲೆ ಎಲ್ಲರೂ ಹಂಚಿಕೊಂಡು ತಿನ್ನಬೇಕು. ಗವಿಯಿಂದ ಕದ್ದವರಿಗೆ ಮಡುವಿನ ನೀರಿಲ್ಲ. ಇದೇ ಕಟ್ಟಳೆ.

ಕೂಡಿಡುವ ಪದ್ಧತಿ ಆ ಕಾಡಿನಲ್ಲಿ ಹಿಂದೆ ಇರಲಿಲ್ಲ. ಕಾಯಿ ಮರದಲ್ಲಿ ಕಂಡರೆ ಕಿತ್ತು ತಿನ್ನುವುದು, ಇಲ್ಲದಿದ್ದರೆ ಸುಮ್ಮನಿರುವುದು, ಇಷ್ಟೇ ಅವರಿಗೆ ಗೊತ್ತಿದ್ದದ್ದು. ಗವಿಯೊಳಗೆ ರಾಶಿ ಹಾಕಿದ್ದು ಅದೇ ಮೊದಲು.

ಉಗ್ರಾಣದ ಮೇಲ್ವಿಚಾರಣೆ ಭರಮಣ್ಣನದು. ಭರಮಣ್ಣ ಒಬ್ಬ ಮುಸುವ, ಕಪ್ಪು ಮುಖದ, ಉದ್ದ ಬಾಲದ ದೊಡ್ಡ ಕೋತಿ. ಅವನು ಸೋಮಾರಿಯಲ್ಲ. ಮುತ್ತುಗದ ಎಲೆ ತರಿಸಿ, ಪ್ರತಿ ಮನೆಯ ಕಾಯಿಯನ್ನೂ ಎಲೆಯಲ್ಲಿ ಸುತ್ತಿ, ಬಳ್ಳಿಯಿಂದ ತಾನೇ ಗಂಟು ಹಾಕಿದ. ಗೊರಸಿನವರಿಗೆ, ಉಗುರಿನವರಿಗೆ ಆ ಕೆಲಸ ಬರುವುದಿಲ್ಲವಲ್ಲ.

"ನೋಡಿಕೊಳ್ಳಿ!" ಎಂದು ಅವನು ಪ್ರತಿ ಗಂಟಿಗೂ ಹೇಳಿದ್ದ. "ಇದು ಭರಮಣ್ಣನ ಗಂಟು. ಹಲ್ಲಿನಿಂದ ಯಾರು ಬೇಕಾದರೂ ಹರಿಯಬಹುದು. ಆದರೆ ಬಿಚ್ಚಿ ಮತ್ತೆ ಹೀಗೆಯೇ ಕಟ್ಟಲು ನನ್ನೊಬ್ಬನಿಗೇ ಬರುವುದು."

ಗಂಟುಗಳನ್ನು ಒಂದರ ಮೇಲೊಂದು ಒಟ್ಟಿದಾಗ ರಾಶಿ ಗವಿಯ ಗೋಡೆಯ ಬಿಳಿ ಗೆರೆ ಮುಟ್ಟಿತು. ಎಲ್ಲರೂ ಕಣ್ಣಾರೆ ಕಂಡರು. ಗವಿಯ ಬಾಯಿಗೆ ಮುಳ್ಳು ಕಂಟಿ ಅಡ್ಡವಿಟ್ಟರು.

ಕಾವಲಿಗೆ ಕಡವೆ ಕೆಂಚವ್ವನನ್ನು ನೇಮಿಸಿದರು. ಕಡವೆ ಎಂದರೆ ದೊಡ್ಡ ಜಾತಿಯ ಜಿಂಕೆ. ಕಿವಿ ಚುರುಕು, ಕೂಗಿದರೆ ಗುಡ್ಡಕ್ಕೆಲ್ಲ ಕೇಳಿಸುತ್ತದೆ. ಕೆಂಚವ್ವ ಬೆಳಗಿನ ಜಾವ ಗುಡ್ಡಕ್ಕೆ ಹೋಗಿ ಮೇದು, ಬೆಳಕು ಹರಿಯುವಷ್ಟರಲ್ಲಿ ಬಂದು, ಗವಿಯ ಎದುರಿನ ಮತ್ತಿ ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಾ ಕಾಯುತ್ತಿದ್ದಳು. ಆಗ ಅವಳು ಬಸುರಿ.

ಭರಮಣ್ಣನಲ್ಲಿ ಒಂದೇ ಒಂದು ದೋಷವಿತ್ತು. ಅವನ ತಲೆಗೆ ಮೊದಲು ಏನು ಹೊಳೆಯಿತೋ ಅದೇ ಅವನ ತೀರ್ಪು. ಎರಡನೆಯ ಸಲ ಯೋಚಿಸುವುದನ್ನು ಅವನು ಅವಮಾನ ಎಂದುಕೊಂಡಿದ್ದ.

ಬಿಸಿಲು ಬಲಿಯಿತು. ಗವಿ ತೆರೆಯುವ ದಿನ ಬಂತು. ಭರಮಣ್ಣ ಕಂಟಿ ಸರಿಸಿ ಬಾಗಿಲಲ್ಲೇ ನಿಂತು ಇಣುಕಿದ. ರಾಶಿ ಗೆರೆಯನ್ನು ಮುಟ್ಟಿರಲಿಲ್ಲ. ಒಂದು ಮೊಳದಷ್ಟು ಕೆಳಗಿತ್ತು.

"ಕಳವು!" ಎಂದು ಕಿರುಚಿದ.

ಒಳಗೆ ಹೋಗಲಿಲ್ಲ. ಒಂದು ಗಂಟನ್ನೂ ಮುಟ್ಟಿ ನೋಡಲಿಲ್ಲ. ಸರಕ್ಕನೆ ಹಿಂದಿರುಗಿ ಮತ್ತಿ ಮರದ ಕಡೆ ನೋಡಿದ. ಕೆಂಚವ್ವ ಮಲಗುವ ಜಾಗದಲ್ಲಿ ನೆಲ್ಲಿಕಾಯಿಯ ಬೀಜಗಳು ಬಿದ್ದಿದ್ದವು.

ಮರದ ತುದಿಗೆ ಹಾರಿ ಕೂತು ಕಾಡಿಗೆಲ್ಲ ಕೇಳುವಂತೆ ಕೂಗಿದ: "ಎಲ್ಲರೂ ಬನ್ನಿ! ಕಾವಲುಗಾರ್ತಿಯೇ ಕಳ್ಳಿ! ಉಗ್ರಾಣದ ಕಾಯಿ ತಿಂದು ಬೀಜ ಇಲ್ಲೇ ಉಗುಳಿದ್ದಾಳೆ!"

ಕೆಂಚವ್ವ ಎದ್ದು ನಿಂತಳು.

"ಬೀಜ ನನ್ನದೇ, ಭರಮಣ್ಣ. ಕಾಯಿ ಉಗ್ರಾಣದ್ದಲ್ಲ. ಗುಡ್ಡದ ನೆರಳಿನ ಕಡೆ ಮರಗಳಲ್ಲಿ ಇನ್ನೂ ಕಾಯಿ ಉಳಿದಿದೆ. ಬೆಳಿಗ್ಗೆ ಅಲ್ಲಿ ಉದುರಿದ್ದನ್ನು ತಿನ್ನುತ್ತೇನೆ. ಮೆಲುಕು ಹಾಕುವಾಗ ಬೀಜ ಬಾಯಿಗೆ ಬರುತ್ತದೆ, ಉಗುಳುತ್ತೇನೆ."

"ನುಂಗಿದ ಬೀಜ ವಾಪಸು ಬರುತ್ತದೆಯಂತೆ! ಕೇಳಿದಿರೇನ್ರಪ್ಪ? ಸುಳ್ಳಿಗೂ ಒಂದು ಅಂದ ಬೇಡವೇ?"

"ಇಳಿದು ಬಂದು ನೋಡಿ. ಒಳಗೆ ಹೋಗಿ ಗಂಟುಗಳನ್ನೂ ನೋಡಿ."

"ನೋಡಿದ್ದಾಯಿತು. ರಾಶಿ ಗೆರೆಗಿಂತ ಕೆಳಗಿದೆ, ಬೀಜ ನಿನ್ನ ಹಾಸಿಗೆಯಲ್ಲಿದೆ. ಇನ್ನೇನು ನೋಡಬೇಕು? ನಾಳೆ ಬೆಳಿಗ್ಗೆ ಆನೆ ಅಜ್ಜಿ ಬರುತ್ತಾಳೆ, ತೀರ್ಮಾನ ಆಗಲಿ. ಅಲ್ಲಿಯವರೆಗೆ ನೀನು ಈ ಮರ ಬಿಟ್ಟು ಕದಲಕೂಡದು. ಮೇವಿಲ್ಲ, ಮಡುವಿಗೆ ಬಾಯಿ ಹಾಕುವಂತಿಲ್ಲ. ಏ ಗುಡ್ಡಪ್ಪಾ! ನೀನು ಇವಳನ್ನು ಕಾಯಿ."

ಗುಡ್ಡಪ್ಪ ಎಂದರೆ ಕಾಡುಹಂದಿ. ಅವನು ಗೊಣಗುತ್ತಾ ಬಂದು ಎದುರಿಗೆ ಕೂತ.

ಹರಟೆಮಲ್ಲ ಹಕ್ಕಿಗಳಿಗೆ ಇಷ್ಟು ಸಾಕಾಯಿತು. ಅವು ಯಾವಾಗಲೂ ಗುಂಪುಗುಂಪಾಗಿ ಪೊದೆಯಿಂದ ಪೊದೆಗೆ ಹಾರುತ್ತಾ ಕಿಚಪಿಚ ಎನ್ನುವ ಹಕ್ಕಿಗಳು. "ಕೆಂಚವ್ವ ಕದ್ದಳಂತೆ!" "ಒಂದು ಗಂಟಂತೆ!" "ಒಂದೇ ಎಲ್ಲಿ, ಅರ್ಧ ಗವಿ ಖಾಲಿಯಂತೆ!" ಮಧ್ಯಾಹ್ನದ ಹೊತ್ತಿಗೆ ಸುದ್ದಿ ಗುಡ್ಡದ ಆಚೆ ಬದಿಗೂ ಮುಟ್ಟಿತು. ಅಷ್ಟರಲ್ಲಿ ಗವಿಯೇ ಪೂರ್ತಿ ಖಾಲಿಯಾಗಿತ್ತು, ಸುದ್ದಿಯಲ್ಲಿ.

ಬಿಸಿಲು ನೆತ್ತಿಗೆ ಬಂತು. ಮಡು ಕಣ್ಣಿಗೆ ಕಾಣುವಷ್ಟು ಹತ್ತಿರ. ಕೆಂಚವ್ವನ ನಾಲಗೆ ಒಣಗಿತು. ನಾಳೆ ಕಳ್ಳಿ ಎಂದು ತೀರ್ಮಾನವಾದರೆ ಈ ನೀರು ಶಾಶ್ವತವಾಗಿ ತಪ್ಪಿತು. ಹೊಟ್ಟೆಯ ಭಾರ ಹೊತ್ತು ಬೋಳುಗುಡ್ಡಗಳನ್ನು ದಾಟಲು ಅವಳಿಂದ ಆಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು.

ಸಂಜೆ ಮೊಲದ ಬೋರಕ್ಕ ಪೊದೆಯಿಂದ ತಲೆ ಹಾಕಿದಳು. ಕೆಂಚವ್ವನಿಗೆ ಹಳೆಯ ಗೆಳತಿ.

"ಅಕ್ಕಾ, ಗುಡ್ಡಪ್ಪ ತೂಕಡಿಸುತ್ತಿದ್ದಾನೆ. ಓಡಿಬಿಡು!"

"ಓಡಿದರೆ?"

"ಓಡಿದರೆ ಜೀವ ಉಳಿಯುತ್ತದೆ. ನಾವು ಮೊಲಗಳು ಹೀಗೇ ಉಳಿದವರು."

"ಓಡಿದರೆ ಭರಮಣ್ಣ ಏನು ಹೇಳುತ್ತಾನೆ ಗೊತ್ತೇ? 'ನೋಡಿ, ತಪ್ಪು ಮಾಡದಿದ್ದರೆ ಯಾಕೆ ಓಡುತ್ತಿದ್ದಳು' ಎನ್ನುತ್ತಾನೆ. ಈಗ ಅವನ ಹತ್ತಿರ ನಾಲ್ಕು ಬೀಜ ಇವೆ, ಅಷ್ಟೇ. ನನ್ನ ಬೆನ್ನನ್ನೂ ಅವನಿಗೆ ಸಾಕ್ಷಿಯಾಗಿ ಕೊಡಲೇ?"

ಬೋರಕ್ಕ ಕಿವಿ ಅಲ್ಲಾಡಿಸಿ ಯೋಚಿಸಿದಳು. ಆಮೇಲೆ ಇನ್ನೂ ಹತ್ತಿರ ಬಂದು ದನಿ ತಗ್ಗಿಸಿದಳು.

"ಹಾಗಾದರೆ ಒಂದು ಕೆಲಸ ಮಾಡು. ಗವಿಯ ಹತ್ತಿರ ಮುಳ್ಳುಹಂದಿಯನ್ನು ಕಂಡೆ ಅಂತ ಹೇಳು. ಅವನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಯಾರೂ ಒಂದು ಮಾತು ಕೇಳದೆ ನಂಬುತ್ತಾರೆ."

"ಅವನನ್ನು ಕಂಡೆಯಾ ನೀನು?"

"ಇಲ್ಲ."

"ನಾನೂ ಕಂಡಿಲ್ಲ. ಭರಮಣ್ಣ ನನಗೆ ಮಾಡಿದ್ದನ್ನೇ ನಾನು ಮುಳ್ಳುಹಂದಿಗೆ ಮಾಡಿದರೆ, ಭರಮಣ್ಣನನ್ನು ಯಾವ ಬಾಯಿಂದ ಬಯ್ಯಲಿ? ಹೋಗು ಬೋರಕ್ಕ. ನೀನು ಬಂದದ್ದೇ ಸಾಕು."

ತೂಕಡಿಸುತ್ತಿದ್ದ ಗುಡ್ಡಪ್ಪ ಒಂದು ಕಣ್ಣು ತೆರೆದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನನ್ನನ್ನು ಕೇಳಿದರೆ," ಎಂದ, "ಬೆಳಿಗ್ಗೆ ಅವನು ಮರ ಇಳಿದ ಕೂಡಲೇ ಒಂದು ಗುದ್ದು ಕೊಡು. ಗೊರಸು ಇರುವುದು ಯಾತಕ್ಕೆ?"

"ಗುದ್ದಿದರೆ ರಾಶಿ ಗೆರೆಯ ಮಟ್ಟಕ್ಕೆ ಏರುತ್ತದೆಯೇ, ಗುಡ್ಡಪ್ಪ?"

"ಅದೇನೋ ನನಗೆ ಗೊತ್ತಿಲ್ಲಪ್ಪ. ಮನಸ್ಸಿಗೆ ಸಮಾಧಾನ ಆಗುತ್ತದೆ," ಎಂದು ಅವನು ಮತ್ತೆ ಕಣ್ಣು ಮುಚ್ಚಿದ.

ಕತ್ತಲಾಗುವ ಮುನ್ನ ಭರಮಣ್ಣನೇ ಬಂದ. ಕೆಳಗಿನ ಕೊಂಬೆಗೆ ಇಳಿದು ಕೂತು ದನಿ ಮೆತ್ತಗೆ ಮಾಡಿದ. ಮಕ್ಕಳೇ, ಗದರುವ ದನಿಗಿಂತ ಇಂಥ ದನಿಯ ಮುಂದೆ ಹೆಚ್ಚು ಎಚ್ಚರವಾಗಿರಬೇಕು.

"ಕೆಂಚವ್ವ, ನನಗೇನು ನಿನ್ನ ಮೇಲೆ ಹಗೆಯೇ? ಬಸುರಿಗೆ ಆಸೆ ಆಗುತ್ತದೆ, ಸಹಜ. ನಾಳೆ ಅಜ್ಜಿಯ ಮುಂದೆ ಒಪ್ಪಿಕೊಂಡುಬಿಡು. ನಾನೇ ನಿನ್ನ ಪರವಾಗಿ ಮಾತಾಡಿ ನೀರು ಕೊಡಿಸುತ್ತೇನೆ. ಮಳೆ ಬಿದ್ದರೆ ಎಲ್ಲರೂ ಮರೆಯುತ್ತಾರೆ."

"ನೀರು ಈಗಲೇ ಕೊಡಿಸುತ್ತೀರಾ?"

"ಒಪ್ಪಿಕೊಂಡರೆ ಈಗಲೇ."

ಕೆಂಚವ್ವ ಮಡುವಿನ ಕಡೆ ನೋಡಿದಳು. ಹೊಟ್ಟೆಯೊಳಗೆ ಮರಿ ಒದೆಯಿತು.

"ಬೇಡ ಭರಮಣ್ಣ," ಎಂದಳು. "ಇವತ್ತಿನವರೆಗೆ ನಾನು ಸುಳ್ಳು ಹೇಳಿಲ್ಲ. 'ಕದ್ದೆ' ಎಂದರೆ ಅದೇ ನನ್ನ ಮೊದಲ ಸುಳ್ಳಾಗುತ್ತದೆ. ನೀವು ಬೆಳಿಗ್ಗೆ ಒಂದೇ ಒಂದು ಸಲ ಒಳಗೆ ಹೋಗಿ ನೋಡಿ. ನಾನು ಕೇಳುವುದು ಅಷ್ಟೇ."

"ಹಟಮಾರಿ!" ಎಂದು ಭರಮಣ್ಣ ಮೇಲಕ್ಕೆ ಹತ್ತಿದ.

ಬೆಳಗಾಯಿತು. ಆನೆ ಅಜ್ಜಿ ಬಂದಳು. ಮಡುವಿನ ದಂಡೆಯಲ್ಲಿ ಕಾಡೆಲ್ಲ ಸೇರಿತ್ತು. ನಿನ್ನೆಯವರೆಗೆ ಕೆಂಚವ್ವನ ಪಕ್ಕ ಮೇಯುತ್ತಿದ್ದ ಜಿಂಕೆಗಳೂ ಈಗ ದೂರ ನಿಂತಿದ್ದವು.

ಭರಮಣ್ಣ ತನ್ನ ದೂರು ಹೇಳಿದ. ಅಜ್ಜಿ ಕಿವಿ ಬೀಸುತ್ತಾ ಕೇಳಿದಳು.

"ನೀನೇನು ಹೇಳುತ್ತೀಯಮ್ಮ?"

ಕೆಂಚವ್ವ ಉತ್ತರ ಕೊಡಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ಗಂಟಲಲ್ಲಿ ಒಂದು ಉಂಡೆ ಏರಿ ಬಂದದ್ದು ಎಲ್ಲರಿಗೂ ಕಾಣಿಸಿತು. ನಿನ್ನೆ ಮುಂಜಾನೆ ಮೇದದ್ದು. ಅವಳು ಒಂದೆರಡು ಸಲ ದವಡೆ ಆಡಿಸಿ, ಮುಖ ಪಕ್ಕಕ್ಕೆ ತಿರುಗಿಸಿ ಉಗುಳಿದಳು. ಅಜ್ಜಿಯ ಕಾಲ ಬಳಿ ನೆಲ್ಲಿಕಾಯಿಯ ಬೀಜ ಬಿತ್ತು.

"ಕ್ಷಮಿಸಿ ಅಜ್ಜಿ," ಎಂದಳು.

ಅಜ್ಜಿ ಸೊಂಡಿಲಿನ ತುದಿಯಿಂದ ಆ ಬೀಜವನ್ನು ಎತ್ತಿ ಹಿಡಿದಳು. "ಗುಡ್ಡಪ್ಪ, ನಿನ್ನೆ ನೀನು ಕಾವಲಿಗೆ ಕೂತ ಮೇಲೆ ಇವಳ ಬಾಯಿಗೆ ಏನಾದರೂ ಹೋಯಿತೇ?"

"ಇಲ್ಲಜ್ಜಿ. ನನ್ನ ಬಾಯಿಗೂ ಹೋಗಿಲ್ಲ. ಅದನ್ನೂ ಸ್ವಲ್ಪ ಗಮನಿಸಬೇಕು."

"ಹಾಗಾದರೆ ಬೀಜ ಬಿದ್ದದ್ದು ಮೆಲುಕಿನಿಂದ. ಮಲಗಿದ ಕಡೆ ಬೀಜ ಇತ್ತೆಂದ ಮಾತ್ರಕ್ಕೆ ಉಗ್ರಾಣದ ಕಾಯಿ ಅಲ್ಲಿ ಕೂತು ತಿಂದಳು ಎಂದಾಗುವುದಿಲ್ಲ. ಬೀಜವನ್ನು ಬಿಡು, ಭರಮಣ್ಣ."

"ಬಿಟ್ಟೆ," ಎಂದ ಭರಮಣ್ಣ. ಮುಖ ಸಪ್ಪಗಾಗಿತ್ತು. ಆದರೂ ಸೋಲಲಿಲ್ಲ. "ಆದರೆ ಕೊರತೆ? ರಾಶಿ ಇಳಿದದ್ದು ಹೇಗೆ? ಕಾವಲಿಗೆ ಇದ್ದವಳು ಇವಳೊಬ್ಬಳೇ!"

"ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ," ಎಂದಳು ಕೆಂಚವ್ವ. "ರಾಶಿ ಯಾಕೆ ಇಳಿಯಿತೋ ನನಗೆ ಗೊತ್ತಿಲ್ಲ. ನಾನು ಮುಟ್ಟಿಲ್ಲ ಎನ್ನುವುದಷ್ಟೇ ಗೊತ್ತು. ಗಂಟುಗಳನ್ನು ಹೊರಗೆ ತಂದು ಎಲ್ಲರ ಮುಂದೆ ನೋಡೋಣ ಅಜ್ಜಿ. ಯಾರು ಕದ್ದರು ಎಂದು ಆಮೇಲೆ ಕೇಳೋಣ. ಏನು ಕಳವಾಗಿದೆ ಎಂದು ಮೊದಲು ಗೊತ್ತಾಗಲಿ."

"ಇದು ಸರಿಯಾದ ಮಾತು. ತನ್ನಿ ಹೊರಗೆ," ಎಂದಳು ಅಜ್ಜಿ.

ಭರಮಣ್ಣನ ಬಳಗದ ಮುಸುವಗಳು ಸಾಲಾಗಿ ನಿಂತು ಗಂಟುಗಳನ್ನು ಕೈಯಿಂದ ಕೈಗೆ ದಾಟಿಸಿದವು. ಪ್ರತಿ ಮನೆಯವರೂ ತಮ್ಮ ತಮ್ಮ ಗಂಟಿನ ಮುಂದೆ ಬಂದು ನಿಂತರು. ಗವಿ ಬರಿದಾಯಿತು. ಗಂಟಿಲ್ಲದೆ ನಿಂತ ಮನೆ ಒಂದೂ ಇರಲಿಲ್ಲ.

"ಗಂಟು ಎಲ್ಲ ಇವೆ," ಎಂದಳು ಅಜ್ಜಿ.

"ಗಂಟು ಇದ್ದರೇನು, ಒಳಗಿನ ಕಾಯಿ ತೆಗೆದಿದ್ದಾಳೆ! ನೋಡಿ, ಹೇಗೆ ಜೋಲು ಬಿದ್ದಿವೆ!" ಎಂದ ಭರಮಣ್ಣ. ಅದು ನಿಜ. ಕಟ್ಟಿದ ದಿನ ಬಿಗಿಯಾಗಿ ಉಬ್ಬಿದ್ದ ಗಂಟುಗಳು ಈಗ ಮುದುಕನ ಗಲ್ಲದಂತೆ ಗುಳಿ ಬಿದ್ದಿದ್ದವು.

"ಎಲೆ ಎಲ್ಲಾದರೂ ಹರಿದಿದೆಯೇ?"

ಎಲ್ಲರೂ ತಿರುಗಿಸಿ ಮುರುಗಿಸಿ ನೋಡಿದರು. ಎಲೆ ಒಣಗಿತ್ತು, ಹರಿದಿರಲಿಲ್ಲ.

"ಬಳ್ಳಿ ಕಡಿದಿದೆಯೇ?"

ಕಡಿದಿರಲಿಲ್ಲ. ಕಟ್ಟಿದ ದಿನದಂತೆಯೇ ಇತ್ತು.

"ಭರಮಣ್ಣ, ಈ ಗಂಟನ್ನು ಬಿಚ್ಚಿ ಮತ್ತೆ ಹೀಗೆಯೇ ಕಟ್ಟಲು ಯಾರಿಗೆ ಬರುತ್ತದೆ?"

ಭರಮಣ್ಣನ ಬಾಲ ಕೆಳಗಿಳಿಯಿತು.

ಅವನು ಉತ್ತರ ಹೇಳುವ ಮೊದಲೇ ಹಿಂದಿನಿಂದ ಯಾರೋ ಕೂಗಿದರು: "ಅವನೊಬ್ಬನಿಗೇ! ಅವನೇ ಹೇಳಿದ್ದ!"

"ಹಾಗಾದರೆ ಕದ್ದವನು ಇವನೇ!" ಎಂದು ಗುಡ್ಡಪ್ಪ ಎದ್ದು ನಿಂತ. "ತಾನು ತಿಂದು ಬಸುರಿಯ ತಲೆಗೆ ಕಟ್ಟಿದ!"

"ಭರಮಣ್ಣ ಕಳ್ಳನಂತೆ! ಭರಮಣ್ಣ ಕಳ್ಳನಂತೆ!" ಹರಟೆಮಲ್ಲಗಳು ರೆಕ್ಕೆ ಬಿಚ್ಚಿದವು.

"ಅವನಿಗೆ ನೀರು ಕೊಡಬೇಡಿ!"

"ಬಾಲ ಹಿಡಿದು ಎಳೆಯಿರಿ!"

ನಿನ್ನೆ ಕೆಂಚವ್ವನಿಂದ ದೂರ ಸರಿದವರೇ ಇವತ್ತು ಭರಮಣ್ಣನ ಸುತ್ತ ಮುತ್ತಿದರು. ಅವನ ಕಪ್ಪು ಮುಖ ಬೂದಿಯಾಯಿತು. "ನಾನಲ್ಲ... ನಾನು ಮುಟ್ಟಿಲ್ಲ... ಕೇಳಿ ಸ್ವಲ್ಪ..." ಎಂದ. ಯಾರೂ ಕೇಳಲಿಲ್ಲ.

ಆಗ ಕೆಂಚವ್ವ ಮುಂಗಾಲಿನಿಂದ ನೆಲಕ್ಕೆ ಒಂದು ಏಟು ಹಾಕಿ ಕೂಗಿದಳು. ಹುಲಿ ಬಂದಾಗ ಕೂಗುವ ಕೂಗು. ಕಾಡೆಲ್ಲ ಸ್ತಬ್ಧವಾಯಿತು.

"ನಿಲ್ಲಿ! ನಿನ್ನೆ ನನಗೆ ಮಾಡಿದ್ದನ್ನೇ ಇವತ್ತು ಅವನಿಗೆ ಮಾಡುತ್ತಿದ್ದೀರಿ. ಒಂದು ಗಂಟನ್ನಾದರೂ ಬಿಚ್ಚಿ ಒಳಗೆ ನೋಡಿದಿರಾ? ನಾನು ನಿನ್ನೆಯಿಂದ ಬಾಯಾರಿ ಕೇಳುತ್ತಿರುವುದು ಇದೊಂದನ್ನೇ."

"ನಿನಗೆ ಇಷ್ಟು ಮಾಡಿದವನ ಪರವಾಗಿ ಮಾತಾಡುತ್ತೀಯಲ್ಲೇ ಅಕ್ಕಾ!" ಎಂದಳು ಬೋರಕ್ಕ.

"ಅವನ ಪರವಾಗಿ ಅಲ್ಲ. ನೋಡದೆ ಹೇಳುವ ಮಾತಿನ ವಿರುದ್ಧ. ಭರಮಣ್ಣ, ಬಿಚ್ಚಿ. ನಿಮ್ಮ ಮನೆಯ ಗಂಟನ್ನೇ ಮೊದಲು ಬಿಚ್ಚಿ."

ತಾನೇ ಹಾಕಿದ ಗಂಟು ಬಿಚ್ಚಲು ಭರಮಣ್ಣನಿಗೆ ಬಹಳ ಹೊತ್ತು ಹಿಡಿಯಿತು. ಎಲೆ ತೆರೆದ.

ಒಳಗೆ ಕಾಯಿ ಇತ್ತು. ಆದರೆ ಅವನು ಕಟ್ಟಿದ ಕಾಯಿಯಂತೆ ಇರಲಿಲ್ಲ. ನುಣ್ಣಗೆ, ಗುಂಡಗೆ, ರಸ ತುಂಬಿ ಹೊಳೆಯುತ್ತಿದ್ದ ಕಾಯಿ ಕಪ್ಪಾಗಿ, ಸುಕ್ಕಾಗಿ, ಬೀಜಕ್ಕೆ ಅಂಟಿಕೊಂಡು ಕೂತಿತ್ತು. ಇನ್ನೊಂದು ಗಂಟು ಬಿಚ್ಚಿದರು. ಅದೂ ಹಾಗೆಯೇ. ಗುಡ್ಡಪ್ಪನ ಗಂಟು, ಬೋರಕ್ಕನ ಗಂಟು, ಎಲ್ಲವೂ ಹಾಗೆಯೇ.

ಬೋರಕ್ಕ ಗುಡ್ಡದ ನೆರಳಿಗೆ ಓಡಿ ಮರದ ಕೆಳಗಿನಿಂದ ಒಂದು ಹಸಿ ಕಾಯಿ ತಂದಳು. ಅಜ್ಜಿ ಅದನ್ನು ಒಣಗಿದ ಕಾಯಿಯ ಪಕ್ಕದಲ್ಲಿಟ್ಟಳು. ಎರಡೂ ಒಂದೇ ಗುಡ್ಡದವು. ಹಸಿಯದು ಭರಮಣ್ಣನ ಮುಷ್ಟಿ ತುಂಬುವಂತಿತ್ತು, ಒಣಗಿದ್ದು ಬೆರಳ ಸಂದಿಯಿಂದ ಜಾರುವಂತಿತ್ತು.

ಭರಮಣ್ಣ ಎರಡನ್ನೂ ನೋಡಿದ. ಬಹುಶಃ ತನ್ನ ಜೀವನದಲ್ಲಿ ಮೊದಲ ಸಲ, ಒಂದು ವಸ್ತುವನ್ನು ಎರಡನೆಯ ಬಾರಿ ನೋಡಿದ.

"ಯಾರೂ ತಿಂದಿಲ್ಲ," ಎಂದ ನಿಧಾನವಾಗಿ. "ರಸ ಆರಿದೆ. ಕಾಯಿ ಕುಗ್ಗಿದೆ. ಕಾಯಿ ಕುಗ್ಗಿದ್ದಕ್ಕೆ ಗಂಟು ಕುಗ್ಗಿದೆ, ಗಂಟು ಕುಗ್ಗಿದ್ದಕ್ಕೆ ರಾಶಿ ಇಳಿದಿದೆ. ಕಳವೇ ಆಗಿಲ್ಲ."

"ಕಳವೇ ಆಗಿಲ್ಲ," ಎಂದಳು ಅಜ್ಜಿ. "ಆದರೂ ಎರಡೇ ದಿನದಲ್ಲಿ ಇಬ್ಬರು ಕಳ್ಳರನ್ನು ಹಿಡಿದೆವು."

ಭರಮಣ್ಣ ಮೆಲ್ಲಗೆ ಕೆಂಚವ್ವನ ಹತ್ತಿರ ಸರಿದು ಅವಳ ಕಿವಿಯ ಬಳಿ ಪಿಸುಗುಟ್ಟಿದ: "ಏನೋ ಆಗಿಹೋಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಕೆಂಚವ್ವ."

"ನಿನ್ನೆ ನೀವು ಕಿವಿಯಲ್ಲಿ ಹೇಳಲಿಲ್ಲ, ಭರಮಣ್ಣ," ಎಂದಳು ಕೆಂಚವ್ವ. "ಮರದ ತುದಿಯಿಂದ ಹೇಳಿದಿರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ರಿಯಾಯಿತಿಯೂ ಇರಲಿಲ್ಲ. ಭರಮಣ್ಣ ಮತ್ತಿ ಮರ ಹತ್ತಿದ. ತುದಿಯಲ್ಲಿ ನಿಂತು ಕೂಗಿದ: "ಕೆಂಚವ್ವ ಕದ್ದಿಲ್ಲ! ಕಳವೇ ಆಗಿಲ್ಲ! ತಪ್ಪು ನನ್ನದು! ನೋಡದೆ ಹೇಳಿದೆ!"

"ಕಳವೇ ಆಗಿಲ್ಲವಂತೆ," ಎಂದಿತು ಒಂದು ಹರಟೆಮಲ್ಲ.

"ಅಯ್ಯೋ, ಹಾಗಾದರೆ ಹೇಳುವುದಕ್ಕೆ ಏನಿದೆ?" ಎಂದಿತು ಇನ್ನೊಂದು. ಗುಂಪು ಹುಳ ಹುಡುಕಲು ಪೊದೆಯೊಳಗೆ ಹೋಯಿತು.

ಆನೆ ಅಜ್ಜಿ ಭರಮಣ್ಣನನ್ನು ಕೆಳಗೆ ಕರೆದಳು. "ನೋಡಿದೆಯಾ? ನಿನ್ನ ಮೊದಲ ಮಾತಿಗೆ ರೆಕ್ಕೆ ಇತ್ತು. ಈ ಮಾತಿಗೆ ಇಲ್ಲ. ಸುದ್ದಿ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ನೀನೇ ಹೋಗಬೇಕು. ಪ್ರತಿ ಬಿಲದ ಬಾಗಿಲಲ್ಲಿ, ಪ್ರತಿ ಗೂಡಿನ ಕೆಳಗೆ ನಿಂತು ಹೇಳಬೇಕು. ಮರದ ಮೇಲಿಂದ ಅಲ್ಲ, ನೆಲದ ಮೇಲೆ ನಡೆದು."

ಮುಸುವನಿಗೆ ನೆಲದ ಮೇಲೆ ದೂರ ನಡೆಯುವುದೆಂದರೆ ಕಷ್ಟ, ಭಯ ಕೂಡ. ಆದರೂ ಭರಮಣ್ಣ ಮರುಮಾತಾಡದೆ ಹೊರಟ. ಎಲ್ಲಕ್ಕಿಂತ ದೂರವಿದ್ದದ್ದು ಗುಡ್ಡದ ಆಚೆ ಬದಿ. ಅಲ್ಲಿಗೇ ಮೊದಲು ಹೋದ.

ಕೆಂಚವ್ವ ಮಡುವಿನ ಕಡೆ ನಡೆದಳು. ದಾರಿಯಲ್ಲಿ ನಿಂತವರೆಲ್ಲ ಪಕ್ಕಕ್ಕೆ ಸರಿದರು. ಅವಳು ಮುಂಗಾಲುಗಳನ್ನು ನೀರಿಗಿಟ್ಟು ತಲೆ ತಗ್ಗಿಸಿ ಕುಡಿದಳು. ಅವಳು ತಲೆ ಎತ್ತುವವರೆಗೂ ಬೇರೆ ಯಾರೂ ನೀರಿಗಿಳಿಯಲಿಲ್ಲ.

"ಕಾಯಿ ಹಂಚುವವರೆಗೆ ಕಾವಲು ನನ್ನದೇ, ಸಂಜೆ ಬರುತ್ತೇನೆ," ಎಂದಳು, ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಈಗ ಮೇಯಬೇಕು, ಮಲಗಬೇಕು. ಅಲ್ಲಿಯವರೆಗೆ ಯಾರಾದರೂ ನೋಡಿಕೊಳ್ಳಿ."

"ನಾನು ನೋಡಿಕೊಳ್ಳುತ್ತೇನೆ," ಎಂದ ಗುಡ್ಡಪ್ಪ. ಆಮೇಲೆ ಬಿಚ್ಚಿಟ್ಟ ಗಂಟುಗಳ ಕಡೆ ನೋಡಿ ಉಗುಳು ನುಂಗಿದ. "ಆದರೆ ಇಷ್ಟು ಹತ್ತಿರ ಕೂತು ತಿನ್ನದೆ ಇರುವುದು ಕಷ್ಟ ಕಣಮ್ಮ."

"ಕಾವಲು ಎಂದರೆ ಅದೇ, ಗುಡ್ಡಪ್ಪ," ಎಂದು ಕೆಂಚವ್ವ ಗುಡ್ಡ ಹತ್ತಿದಳು.

ನೀತಿ: ಮಾಡದ ತಪ್ಪನ್ನು ನಿನ್ನ ಮೇಲೆ ಹೊರಿಸಿದರೆ ಓಡಬೇಡ, ಒಪ್ಪಿಕೊಳ್ಳಬೇಡ, ಇನ್ನೊಬ್ಬರ ಮೇಲೆ ಜಾರಿಸಬೇಡ, ನಿಂತ ಕಡೆ ನಿಂತು ಎಲ್ಲರ ಮುಂದೆ ಪರೀಕ್ಷೆ ಕೇಳು. ಕಳ್ಳನನ್ನು ಹುಡುಕುವವನು ಮೊದಲು ಕಳವಾಗಿದೆಯೇ ಎಂದು ನೋಡಬೇಕು.